ಬ್ರಶ್ ಕೊಂಡವರ ಗಡ್ಡ

ಬ್ರಶ್ ಕೊಂಡ ಮನುಷ್ಯನಿಗೆ ಗಡ್ಡ ಬೆಳೆಯಬಾರದು. ಬೆಳೆದರೆ ಅದಕ್ಕೊಂದು ಕಾರಣವಿರಬೇಕು. ಆ ಕಾರಣ ನನಗೆ ತಿಳಿಯಲು ಏಳು ವಾರ ಹಿಡಿಯಿತು.

ನನ್ನ ಯಜಮಾನರು ತೀರಿಹೋಗಿ ನಿನ್ನೆಗೆ ನಲವತ್ತು ದಿನವಾಯಿತು. ಫಾತಿಹಾ ಓದಿಸಿದೆವು. ಬಂದವರು ಉಂಡು ಹೋದರು. ಅಳುವುದೂ ಆಗಿದೆ. ಈಗ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಾವು ನದಾಫರು, ಹತ್ತಿ ಹಿಂಜಿ ಗಾದಿ ತುಂಬುವ ಜನ. ಬಾಬಾ, ಅಂದರೆ ನನ್ನ ತಂದೆ ಲಾಲಸಾಬರು, ಉಣಕಲ್ಲಿನಿಂದ ಹುಬ್ಬಳ್ಳಿಯ ತನಕ ಮನೆಮನೆಗೆ ಹತ್ತಿ ಹಿಂಜುವ ಬಿಲ್ಲು ಹೊತ್ತು ತಿರುಗಿದವರು. ಹತ್ತಿಯ ಧೂಳು ಎದೆಯಲ್ಲಿ ಕೂತು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವಂತಾದಾಗ ಬಿಲ್ಲನ್ನು ಗೋಡೆಗೆ ತೂಗುಹಾಕಿ ದುರ್ಗದ ಬೈಲಿನ ಹತ್ತಿರ ಒಂದು ಸಣ್ಣ ಅಂಗಡಿ ಇಟ್ಟರು. ಸಾಬೂನು, ಕನ್ನಡಿ, ಬಾಚಣಿಗೆ, ಕ್ಷೌರದ ಬ್ರಶ್. ಅದು ೧೯೨೪ನೆಯ ಇಸವಿ. ತಾಯಿ ಇರಲಿಲ್ಲ. ಅಂಗಡಿಯ ಹಿಂಬದಿಗೆ ಬಿದಿರಿನ ಪರದೆ ಕಟ್ಟಿತ್ತು. ಅದರ ಹಿಂದೆ ನಾನು ಕೂರುತ್ತಿದ್ದೆ. ನನಗೆ ಹದಿನೆಂಟು.

ಬಾಬಾನ ಕಣ್ಣು ಮಂದ. ಮಾಲು ಪರೀಕ್ಷಿಸುವುದು ನನ್ನ ಕೈ. ಒಂದು ಎಳೆ ಹತ್ತಿಯನ್ನು ಎರಡು ಬೆರಳಲ್ಲಿ ಎಳೆದು ಇದು ಜವಾರಿ, ಇದು ವಿಲಾಯತಿ ಎಂದು ಹೇಳುವ ಕೈ ಅದು. ನಮ್ಮ ಅಂಗಡಿಗೆ ಒಂದೇ ಒಂದು ಹೆಸರಿತ್ತು: ಹಂದಿಯ ಕೂದಲಿನ ಬ್ರಶ್ ಅಲ್ಲಿಗೆ ಬರುವುದಿಲ್ಲ. ನಮಾಜು ಮಾಡುವವರಷ್ಟೇ ಅಲ್ಲ, ಲಿಂಗಪೂಜೆ ಮಾಡುವವರೂ ಅದಕ್ಕಾಗಿಯೇ ಬರುತ್ತಿದ್ದರು. "ಮಗಳ ಕೈ ಮುಟ್ಟಿ ನೋಡಿದ ಮಾಲ್ರಿ," ಎಂದು ಬಾಬಾ ಅಂದರೆ ಅಲ್ಲಿಗೆ ಮುಗಿಯಿತು.

ಅವರು ಮೊದಲ ಸಲ ಬಂದದ್ದು ಒಂದು ರವಿವಾರ. ಹೆಸರು ಕಮರುದ್ದೀನ. ರೇಲ್ವೆ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತರು. ಪರದೆಯ ಸೀಳಿನಿಂದ ನನಗೆ ಮೊದಲು ಕಂಡದ್ದು ಅವರ ಗದ್ದದ ಕೆಳಗಿನ ಒಂದು ಕ್ಷೌರದ ಕತ್ತಿಯ ಗಾಯ, ಅದಕ್ಕೆ ಅಂಟಿಸಿದ್ದ ಕಾಗದದ ಚೂರು.

"ಬ್ರಶ್ ಬೇಕಾಗಿತ್ರಿ ಕಾಕಾ. ಹಳೇದರ ಕೂದಲಾ ಉದರಿ ಹೋತು. ಮೆತ್ತಗಿಂದು."

"ಇದು ಕುದರಿ ಕೂದಲಾ. ಇದು ಆಡಿಂದು. ಇದು..." ಬಾಬಾ ಮುಂಬಯಿಯಿಂದ ಆಗಷ್ಟೇ ಬಂದ ಡಬ್ಬಿ ತೆರೆದರು. ಒಳಗೆ ಆರು ಬ್ರಶ್. ಮುಚ್ಚಳದ ಮೇಲೆ ಪಟ್ಟೆಮೋರೆಯ ಒಂದು ಪ್ರಾಣಿಯ ಚಿತ್ರ. "ಇದರ ಹೆಸರು ನನ್ನ ಬಾಯಾಗ ಹೊಳ್ಳೂದಿಲ್ಲ ನೋಡು."

"ಬ್ಯಾಜರ್ ರಿ. ವಿಲಾಯತ್ಯಾಗ ಬಿಲಾ ತೋಡಿ ಇರತೈತಿ."

"ನಾಯಿ ಜಾತಿನೋ, ಕರಡಿ ಜಾತಿನೋ?"

"ಹಂದಿ ಜಾತಿ ಅಲ್ರಿ. ನಮಗ ಅಷ್ಟ ಸಾಕು."

ನಮ್ಮ ಮನೆತನದಲ್ಲಿ ಮದುವೆಯಾಗದ ಹುಡುಗಿ ಹೊರಗಿನ ಗಂಡಸಿನೊಡನೆ ನೇರವಾಗಿ ಮಾತಾಡುವಂತಿರಲಿಲ್ಲ. ನಾನು ಬಾಬಾಗೆ ಹೇಳಬೇಕು, ಬಾಬಾ ಅವರಿಗೆ ಹೇಳಬೇಕು. ಎರಡು ಮೊಳದಾಚೆ ಕೂತವರಿಗೆ ನನ್ನ ಮಾತು ಮೊದಲೇ ಕೇಳಿಸಿರುತ್ತಿತ್ತು. ಆದರೂ ಬಾಬಾ ಹೇಳಿದ ಮೇಲೆಯೇ ಅವರು ತಲೆಯಾಡಿಸಬೇಕು.

"ಬಾಬಾ, ಅವರಿಗೆ ಹೇಳು. ಕುದರಿದು ಬಿರುಸು. ಲಡಾಯಿ ಕಾಲದಾಗ ಅದರಿಂದ ಸಿಪಾಯಿಗಳ ಮಾರಿಗೆ ಹುಣ್ಣಾಗಿತ್ತಂತ. ಆಡಿಂದು ಮೆತ್ತಗ ಖರೇ, ಆದ್ರ ನೊರಿ ಎಬ್ಬಸೂದಿಲ್ಲ, ಮಲಕೊಂಡ ಬಿಡತೈತಿ. ಈ ಬ್ಯಾಜರ್ ನೋಡು. ತುದಿ ಬಿಳಿ, ನಡುವ ಕರಿ ಪಟ್ಟಿ, ಬುಡ ಮತ್ತ ಬಿಳಿ. ಒತ್ತಿದ್ರ ಬಗ್ಗತೈತಿ, ಬಿಟ್ರ ಹಿಂಜಿದ ಹತ್ತಿಗತೆ ಏಳತೈತಿ."

ಹೇಳುತ್ತಲೇ, ಬಾಬಾ ಒಳಗೆ ಕೊಟ್ಟ ಬ್ರಶ್ಶನ್ನು ಮಣಿಕಟ್ಟಿನ ಒಳಬದಿಗೆ ಸವರಿ ನೋಡಿದೆ. ಅದನ್ನು ತಟ್ಟೆಯಲ್ಲಿಟ್ಟು ಪರದೆಯ ಕೆಳಗಿನಿಂದ ಹೊರಗೆ ಸರಿಸಿದೆ. ಬೆರಳನ್ನು ಕೂಡಲೇ ಹಿಂದೆ ತೆಗೆಯಬೇಕಿತ್ತು. ತೆಗೆಯಲಿಲ್ಲ. ಅವರು ಬ್ರಶ್ ನೋಡಬೇಕಿತ್ತು. ನೋಡಲಿಲ್ಲ.

"ಈ ಕೈ ಹೇಳಿದ ಮ್ಯಾಲೆ ಮುಗೀತು ಬಿಡ್ರಿ ಕಾಕಾ."

"ಕೈ ಎಲ್ಲಿ ಹೇಳತೈತೋ ತಮ್ಮಾ, ಬಾಯಿ ಹೇಳತೈತಿ," ಎಂದರು ಬಾಬಾ.

ಮರು ರವಿವಾರ ಮತ್ತೆ ಬಂದರು. ಗದಗಿನಲ್ಲಿರುವ ಅಣ್ಣನಿಗೆ ಒಂದು ಬ್ರಶ್ ಬೇಕಂತೆ. ಆಡಿನದು, ಕುದುರೆಯದು ಎಲ್ಲವನ್ನೂ ಕೆಳಗಿಳಿಸಿ, ಹೋಲಿಸಿ, ನನ್ನಿಂದ ಇನ್ನೊಮ್ಮೆ ಎಲ್ಲ ಹೇಳಿಸಿ, ಕೊನೆಗೆ ಬ್ಯಾಜರನ್ನೇ ಒಯ್ದರು. ಅದರ ಮುಂದಿನ ವಾರ ಸತ್ತೂರಿನ ಗೆಳೆಯನಿಗೆ. ನಾಲ್ಕನೆಯ ವಾರ ಶಿರಗುಪ್ಪಿಯ ಮಾಮಾನಿಗೆ.

ನಾನು ಅಷ್ಟು ದಡ್ಡಳಲ್ಲ. ರವಿವಾರ ಬೆಳಿಗ್ಗೆ ಕಣ್ಣಿಗೆ ಸುರಮಾ ಹಚ್ಚತೊಡಗಿದ್ದೆ. ಪರದೆಯ ಹಿಂದಿನ ಕಣ್ಣು ಯಾರಿಗೂ ಕಾಣುವುದಿಲ್ಲ ಎಂದು ಗೊತ್ತಿದ್ದೂ.

ಆದರೆ ಒಂದು ಸಂಗತಿ ನನಗೆ ಬಗೆಹರಿಯಲಿಲ್ಲ. ವಾರದಿಂದ ವಾರಕ್ಕೆ ಅವರ ಮುಖದ ಮೇಲೆ ಗಡ್ಡ ಬೆಳೆಯುತ್ತಿತ್ತು. ಮೊದಲು ನೆರಳಿನ ಹಾಗೆ. ಆಮೇಲೆ ಕೊಯ್ದ ಹೊಲದ ಕೂಳೆಯ ಹಾಗೆ. ಆಮೇಲೆ ಗಡ್ಡವೇ.

"ಬಾಬಾ, ಅವರನ್ನ ಕೇಳು. ಬ್ರಶ್ ಒಯ್ದು ಏನ ಮಾಡ್ಯಾರ? ಉಪ್ಪಿನಕಾಯಿ ಹಾಕ್ಯಾರೇನು?"

ಬಾಬಾ ಕೇಳುವ ಮೊದಲೇ ಅವರು ಗಡ್ಡ ಸವರಿಕೊಂಡರು. "ಚಳಿಗಾಲ ಐತ್ರಿ ಕಾಕಾ. ಮಾರಿ ಬೆಚ್ಚಗ ಇರಲಿ ಅಂತ."

ಹೊರಗೆ ಚೈತ್ರದ ಬಿಸಿಲು ಸುಡುತ್ತಿತ್ತು.

"ಮತ್ತ ಕೇಳು, ಅವರ ಬಳಗದಾಗ ಇನ್ನ ಎಷ್ಟು ಮಂದಿ ಗಂಡಸರು ಅದಾರಂತ."

"ನಿಮ್ಮ ಡಬ್ಬ್ಯಾಗ ಎಷ್ಟು ಬ್ರಶ್ ಉಳದಾವೋ ಅಷ್ಟು ಮಂದಿ ಅಂತ ಹೇಳ್ರಿ ಕಾಕಾ."

ಆ ದಿನ ಬಾಬಾ ಕೆಮ್ಮು ಬರುವಷ್ಟು ನಕ್ಕರು. ಐದನೆಯ ವಾರ ಐದನೆಯದು ಹೋಯಿತು.

ಆರನೆಯ ರವಿವಾರ ಡಬ್ಬಿ ಖಾಲಿಯಿತ್ತು. ಕೊನೆಯದನ್ನು ಶುಕ್ರವಾರವೇ ಹತ್ತಿ ವ್ಯಾಪಾರಿ ಗುರುಶಿದ್ದಪ್ಪನವರು ಒಯ್ದಿದ್ದರು. ಎಂದಿನಂತೆ ಬಂದ ಇವರ ಮುಖ ಅದನ್ನು ಕೇಳಿ ಕಪ್ಪಿಟ್ಟಿತು.

"ಕೊಟ್ಟ ಬಿಟ್ರ್ಯಾ? ಹೊಳ್ಳಿ ತರಸಾಕ ಬರೂದಿಲ್ಲೇನ್ರಿ ಕಾಕಾ?"

ಬರುವುದಕ್ಕೆ ಇನ್ನು ನೆಪವಿಲ್ಲವೆಂದು ಹೀಗೆ ಕಂಗೆಟ್ಟರು ಎಂದುಕೊಂಡು ನಾನು ಸೆರಗು ಬಾಯಿಗೆ ಒತ್ತಿ ನಕ್ಕೆ. ಆ ನಗೆಗಾಗಿ ನಾನು ಅಲ್ಲಾಹನಲ್ಲಿ ಎಷ್ಟೋ ಸಲ ಕ್ಷಮೆ ಕೇಳಿದ್ದೇನೆ.

ಮಂಗಳವಾರ ಗುರುಶಿದ್ದಪ್ಪನವರು ಬಂದರು. ಹಣೆಯ ತುಂಬ ವಿಭೂತಿ. ಬ್ರಶ್ ಹಲಗೆಯ ಮೇಲೆ ಇಟ್ಟರು.

"ಲಾಲಸಾಬಾ, ಇದು ಕರೇ ನೀರು ಬಿಡಾಕತ್ತೈತಿ. ನಿನ್ನ ಪ್ರಾಣಿಗೆ ಯಾರರ ಬಣ್ಣಾ ಹೊಡದಾರೇನು, ನೋಡಿಸು." ನಗುತ್ತಲೇ ಹೇಳಿ ಹೋದರು.

ನಾನು ಬಟ್ಟಲಲ್ಲಿ ನೀರು ತಂದು ಅದ್ದಿದೆ. ಕಪ್ಪು ಪಟ್ಟಿ ಹೊಗೆಯಂತೆ ನೀರಿನಲ್ಲಿ ಇಳಿಯಿತು. ಕೂದಲು ಮೆತ್ತಗಾಗುವ ಬದಲು ಕಡ್ಡಿಯಂತೆ ನಿಂತಿತು. ಒಂದನ್ನು ಕಿತ್ತು ಬೆಳಕಿಗೆ ಹಿಡಿದೆ. ತುದಿ ಸೀಳಿತ್ತು. ಹೀಗೆ ಸೀಳುವ ಕೂದಲು ಒಂದೇ ಪ್ರಾಣಿಯದು.

ಹಂದಿಯದು. ಬಿಳಿ ಮಾಡಿ, ಹದಮಾಡಿ, ನಡುವೆ ಬಣ್ಣ ಹಾಕಿದ್ದು.

ಹತ್ತಿ ಹಿಂಜುವವರು ಎಂದೂ ಎಳೆಯನ್ನು ನೀರಿಗೆ ಹಾಕುವುದಿಲ್ಲ. ಒದ್ದೆಯಾದ ಹತ್ತಿ ಕೆಟ್ಟ ಹತ್ತಿ. ಹುಟ್ಟಿದಾಗಿನಿಂದ ಒಣಗಿದ್ದನ್ನೇ ಮುಟ್ಟಿ ನಿರ್ಣಯ ಹೇಳಿದ ಕೈ ನನ್ನದು. ನೀರಿನಲ್ಲಿ ಬದುಕುವ ವಸ್ತುವನ್ನು ನೀರಿನಲ್ಲಿ ನೋಡಬೇಕೆಂಬ ಬುದ್ಧಿ ನನಗೆ ಹೊಳೆಯಲಿಲ್ಲ. ಮುಂಬಯಿಯವನು ಮೋಸ ಮಾಡಿದ್ದ ನಿಜ. ಆದರೆ ಇದು ಶುದ್ಧ ಎಂದು ಹೇಳಿದವಳು ನಾನು.

ಆಮೇಲೆ ಗಡ್ಡದ ನೆನಪಾಯಿತು. ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟೆ.

ಏಳನೆಯ ರವಿವಾರ ಅವರು ಬಂದು ಹಲಗೆಯ ಮುಂದೆ ನಿಂತರು. ಬಾಬಾ ತಮ್ಮ ಸ್ಟೂಲಿನ ಮೇಲಿದ್ದರು. ಬಾಬಾಗೆ ಎಲ್ಲ ಹೇಳಿದ್ದೆ. ಐದು ದಿನದಿಂದ ಅವರು ಸರಿಯಾಗಿ ಉಂಡಿರಲಿಲ್ಲ. ಹತ್ತಿ ಹೊಡೆಯುವ ಎದೆ ಉಳಿದಿರಲಿಲ್ಲ. ಅಂಗಡಿಯ ಹೆಸರು ಹೋದರೆ ನಮಗೆ ಬೇರೆ ಅನ್ನವಿರಲಿಲ್ಲ.

"ಬಾಬಾ, ಅವರನ್ನ ಕೇಳು..." ಎಂದು ಶುರುಮಾಡಿದೆ. ಮುಂದೆ ಹೇಳಲಾಗಲಿಲ್ಲ. ಎದ್ದು ಪರದೆಯನ್ನು ಎತ್ತಿ ಹೊರಗೆ ಬಂದೆ.

"ನಿಮಗ ಯಾವಾಗಿಂದ ಗೊತ್ತಿತ್ರಿ?"

ನಾನು ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವರು ಬಾಬಾನ ಕಡೆ ನೋಡಿದರು. ಬಾಬಾ ನೆಲ ನೋಡುತ್ತಿದ್ದರು.

"ಒಯ್ದ ದಿನಾನ ಗೊತ್ತಾತ್ರಿ. ಸಂಜೀಕ ನೀರಾಗ ಅದ್ದಿದೆ. ಬಣ್ಣಾ ಹಚ್ಚೂ ಮಂದಿಗೆ ಉಗ್ರಾಣದಿಂದ ಬ್ರಶ್ ಕೊಡಾಂವ ನಾನ. ಹಂದಿ ಕೂದಲಾ ನೋಡಿ ನೋಡಿ ಗುರ್ತೈತಿ."

"ಮಾರಿಗೆ ಹಚ್ಚಿದ್ರೇನು?"

"ಇಲ್ರಿ."

"ಹೇಳಬೇಕಿತ್ತಲ್ಲ?"

"ಹೇಳಿದ್ರ ಕಾಕಾ ಅಂಗಡಿ ಮುಚ್ಚತಿದ್ರು. ಸುಮ್ಮನಿದ್ರ ಮತ್ತೊಬ್ಬರ ಮಾರಿಗೆ ಹತ್ತತಿತ್ತು. ಎಲ್ಲಾ ನಾನ ಒಯ್ಯೋಣಂದೆ. ಒಮ್ಮೆಲೆ ಒಯ್ದ್ರ ನಿಮಗ ಸಂಶೇ ಬರತಿತ್ತು."

"ಅಂದ್ರ ಅಣ್ಣ, ದೋಸ್ತ, ಮಾಮಾ, ಎಲ್ಲಾ ಸುಳ್ಳ?"

"ಅಣ್ಣ ಅದಾನ್ರಿ. ಅವನ ಗಡ್ಡ ಎದಿಮಟ ಐತಿ."

ನಗಬಾರದ ಹೊತ್ತು. ನಗು ಬಂತು. ಹಾಗೆಯೇ ಕಣ್ಣಲ್ಲಿ ನೀರೂ ಬಂತು.

"ಮತ್ತ ನಿಮ್ಮ ಗಡ್ಡ? ಆಡಿನ ಕೂದಲಿಂದು ಇತ್ತಲ್ಲ, ಅದನ್ನ ಒಯ್ಯಬೇಕಿತ್ತು."

"ಅದು ಮಲಕೊಂಡ ಬಿಡತೈತಿ ಅಂತ ನೀವ ಹೇಳಿದ್ರಿ." ಗಡ್ಡ ಸವರಿಕೊಂಡು ಅಂದರು, "ಬ್ಯಾರೆ ಅಂಗಡಿಗೆ ಹೋಗಾಕ ಮನಸ್ಸಾಗಲಿಲ್ಲ. ಕಚೇರ್ಯಾಗ ಸಾಹೇಬ್ರು ದಿನಾ ಕೇಳತಾರ, ನಿಮ್ಮ ಮನ್ಯಾಗ ಯಾರು ತೀರಿಕೊಂಡ್ರು ಅಂತ."

ನಾನು ಕಣ್ಣೊರೆಸಿಕೊಂಡೆ. "ನೀವು ನನ್ನ ಹೆಸರು ಉಳಸಾಕ ನೋಡಿದ್ರಿ. ಆದ್ರ ಗುರುಶಿದ್ದಪ್ಪ ಸಾವಕಾರ್ರು ಅದ ಬ್ರಶ್ ಹಚ್ಚಿಕೊಂಡು ಪೂಜಿಗೆ ಕುಂತಾರ. ಈಗ ಹೋಗಿ ಅವರಿಗೆ ಹೇಳತೇನಿ. ಆಮ್ಯಾಲೆ ಈ ಅಂಗಡಿಗೆ ಯಾರೂ ಬರಲಿಕ್ಕಿಲ್ಲ. ಈ ಕೈ ಸುಳ್ಳು ಅಂತ ಊರು ಅಂತೈತಿ. ಅವಾಗೂ ಮುಂದಿನ ರವಿವಾರ ಬರತೀರೇನು?"

"ಬರತೇನ್ರಿ. ನನಗ ಇನ್ನೂ ಬ್ರಶ್ ಸಿಕ್ಕಿಲ್ಲಲ್ಲ."

ಬಾಬಾ ಸ್ಟೂಲಿನಿಂದ ಮೆಲ್ಲಗೆ ಎದ್ದು ಕೋಲು ಹುಡುಕಿ ನನ್ನ ಕಡೆ ತಿರುಗಿದರು.

"ನಡಿ ದಾವಲ, ಸಾವಕಾರ್ರ ಮನಿಗೆ ಕೂಡೇ ಹೋಗೋಣು. ನೀನೂ ಬಾರಪಾ." ಹೊಸ್ತಿಲಲ್ಲಿ ಉಸಿರಿಗಾಗಿ ನಿಂತು ಅಂದರು, "ಇಷ್ಟು ದಿನಾ ನಿಮ್ಮಿಬ್ಬರ ನಡುವ ಟಪಾಲಿನಂವ ಆಗಿದ್ದೆ. ಇನ್ನ ನನಗ ಆಗೂದಿಲ್ಲ."

ಗುರುಶಿದ್ದಪ್ಪನವರು ಪೂರ್ತಿ ಕೇಳಿದರು. ಬಯ್ಯಲಿಲ್ಲ. "ಬಾಯಿಬಿಟ್ಟು ಹೇಳಿದೆಲ್ಲವಾ," ಎಂದಷ್ಟೇ ಹೇಳಿ ಸ್ನಾನಕ್ಕೆ ಎದ್ದುಹೋದರು. ಮೂರು ತಿಂಗಳು ಅವರೂ ಬರಲಿಲ್ಲ, ಅವರ ಓಣಿಯವರೂ ಬರಲಿಲ್ಲ. ನಾವು ಸಾಬೂನು ಮಾರಿ ರೊಟ್ಟಿ ತಿಂದೆವು. ಒಂದು ದಿನ ಗುರುಶಿದ್ದಪ್ಪನವರೇ ಬಂದು ಹಲಗೆಯ ಮೇಲೆ ಕೈ ಊರಿದರು. "ಬ್ರಶ್ ಕೊಡು ಲಾಲಸಾಬಾ. ನೀರಾಗ ಅದ್ದಿ ತೋರಿಸಿ ಕೊಡು." ಅಂದಿನಿಂದ ನಮ್ಮ ಅಂಗಡಿಯಲ್ಲಿ ಒಂದು ಹಿತ್ತಾಳೆಯ ಬಟ್ಟಲು ಸದಾ ತುಂಬಿರುತ್ತಿತ್ತು.

ಅಷ್ಟರಲ್ಲಿ ನಮ್ಮ ನಿಕಾಹ್ ಆಗಿತ್ತು. ಮದುಮಗನಿಗೆ ನಮ್ಮ ಕಡೆಯ ಉಡುಗೊರೆ ಒಂದು ಬ್ಯಾಜರ್ ಬ್ರಶ್. ಬೇರೆ ವ್ಯಾಪಾರಿಯಿಂದ ನಾಲ್ಕು ತರಿಸಿ, ನಾಲ್ಕನ್ನೂ ರಾತ್ರಿಯಿಡೀ ನೀರಿನಲ್ಲಿಟ್ಟು, ಅವುಗಳಲ್ಲಿ ಒಂದನ್ನು ಆರಿಸಿದ್ದೆ. ಒದ್ದೆಯಾದಾಗ ಅದರ ತುದಿ ಕರಗಿದ ಹಾಗೆ ಮೆತ್ತಗಾಗುತ್ತಿತ್ತು. ನಿಕಾಹದ ಬೆಳಿಗ್ಗೆ ಅವರು ಗಡ್ಡ ತೆಗೆದರು. ಗದ್ದದ ಕೆಳಗಿನ ಗಾಯದ ಗುರುತು ಹಾಗೆಯೇ ಇತ್ತು.

ಅದೇ ಬ್ರಶ್ ಕೊನೆಯವರೆಗೂ ಬಂತು. ಪ್ರತಿದಿನ ಬೆಳಿಗ್ಗೆ ಬಟ್ಟಲನ್ನೂ ಬ್ರಶ್ಶನ್ನೂ ನನ್ನ ಮುಂದೆ ಹಿಡಿಯುತ್ತಿದ್ದರು. ನಾನು ಅದ್ದಿ, ಹಿಂಡಿ, "ಛಲೋ ಐತಿ," ಎನ್ನಬೇಕು. ಅನ್ನದಿದ್ದರೆ ಕತ್ತಿ ಹಿಡಿಯುತ್ತಿರಲಿಲ್ಲ. ಜಗಳವಾದ ದಿನ ನಾನು ಅವರೊಡನೆ ಮಾತು ಬಿಡುತ್ತಿದ್ದೆ. "ಬಾಬಾ, ಅವರಿಗೆ ಹೇಳು, ಛಲೋ ಐತಿ," ಎಂದು ಬಾಬಾನ ಕಡೆ ತಿರುಗಿ ಹೇಳುತ್ತಿದ್ದೆ. ಬಾಬಾ ತೀರಿಹೋದ ಮೇಲೂ, ಅಂಗಡಿಯಿಂದ ಮನೆಗೆ ತಂದಿಟ್ಟ ಆ ಸ್ಟೂಲಿನ ಕಡೆ ತಿರುಗಿ ಹಾಗೆಯೇ ಹೇಳುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು. ಜಗಳ ಅಲ್ಲಿಗೆ ಮುಗಿಯುತ್ತಿತ್ತು.

ಈ ಸಲ ಹಾಸಿಗೆ ಹಿಡಿದವರು ಏಳು ವಾರ ಏಳಲಿಲ್ಲ. ಕ್ಷೌರವಾಗಲಿಲ್ಲ. ಮುಖದ ತುಂಬ ಗಡ್ಡ ಬಂತು, ಬಿಳಿಯದು. ಸತ್ತವರ ಕೂದಲಿಗೆ ಕತ್ತಿ ತಾಗಿಸುವ ಪದ್ಧತಿ ನಮ್ಮಲ್ಲಿಲ್ಲ. ಆ ಗಡ್ಡದಲ್ಲಿಯೇ ಹೋದರು. ನಾನು ಅಂಗಡಿಯ ಪರದೆ ಎತ್ತಿ ನೋಡಿದ ದಿನ ಅದು ಎಷ್ಟು ಉದ್ದವಿತ್ತೋ ಅಷ್ಟೇ ಉದ್ದವಿತ್ತು.

ನಿನ್ನೆ ಎಲ್ಲರೂ ಹೋದ ಮೇಲೆ ಗೂಡಿನಿಂದ ಬ್ರಶ್ ತೆಗೆದೆ. ಒಣಗಿತ್ತು. ಬಟ್ಟಲಿಗೆ ನೀರು ಹಾಕಿ ಅದ್ದಿದೆ. ನೀರು ತಿಳಿಯಾಗಿಯೇ ಉಳಿಯಿತು. ಹಿಂಡಿದೆ. ಮಣಿಕಟ್ಟಿಗೆ ಸವರಿ ನೋಡಿದೆ.

ಸ್ಟೂಲಿನ ಕಡೆ ತಿರುಗಿ ಹೇಳಿದೆ:

"ಬಾಬಾ, ಅವರಿಗೆ ಹೇಳು. ಛಲೋ ಐತಿ."