ದೇವರ ದೋಣಿ ಬಾಗಿದ ಗೋಡೆ

ದೊರೆಯ ಆಳ್ವಿಕೆಯ ಹದಿನಾಲ್ಕನೇ ವರ್ಷ, ಬೇಸಿಗೆಯ ಎರಡನೇ ತಿಂಗಳು, ಇಪ್ಪತ್ತನೇ ದಿನ. ಸೂರ್ಯ ಹುಟ್ಟಿ ಎರಡು ತಾಸಾಗಿತ್ತು. ಥೀಬ್ಸ್‌ನ ಪಶ್ಚಿಮ ದಂಡೆಯ ಕಾವಲು ಠಾಣೆಯಲ್ಲಿ ಠಾಣಾಧಿಕಾರಿ ನೆಹ್ರಿ ಈರುಳ್ಳಿ ಕಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದ. ಹೊಸ ದೇಗುಲದ ಮೇಲ್ವಿಚಾರಕ ಹಾಪು ಏದುಸಿರು ಬಿಡುತ್ತ ಒಳಗೆ ನುಗ್ಗಿದ. ತಲೆಯ ಮೇಲಿನ ಕಟ್ಟುಕೂದಲು ಹಿಂದುಮುಂದಾಗಿತ್ತು.

“ಗೋಡೆ ಒಡೆದವ್ರೆ ಯಜಮಾನ್ರೆ!”

“ಯಾವ ಗೋಡೆ?”

“ದೋಣಿ ಗೋಡೆ.”

ನೆಹ್ರಿ ರೊಟ್ಟಿ ಕೆಳಗಿಟ್ಟ.

ದೋಣಿ ಗೋಡೆ ಎಂದರೆ ಬೇರೆ ವಿವರ ಬೇಕಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಹಳೆಯ ದೊರೆ ಸತ್ತಾಗ ಪಟ್ಟಕ್ಕೆ ಉಳಿದದ್ದು ತೊಟ್ಟಿಲ ಕೂಸೊಂದೇ. ಆಗ ಅಮುನ್ ದೇವರ ದೋಣಿ ಅರ್ಚಕರ ಹೆಗಲೇರಿ ಮೆರವಣಿಗೆ ಹೊರಟಿತ್ತು. ದೇವರು ಮಾತಾಡುವುದೇ ಆ ದೋಣಿಯಲ್ಲಿ: ಹಿಂದೆ ಸರಿದರೆ ಇಲ್ಲ, ಮುಂದೆ ಬಾಗಿದರೆ ಹೌದು. ಅಂದು ದೋಣಿ, ಸತ್ತ ದೊರೆಯ ಹೆಂಡತಿಯ ಎದುರು ತಾನಾಗಿ ಬಾಗಿತು. ಆಕೆ ಕಿರೀಟ ಇಟ್ಟರು, ಗಲ್ಲಕ್ಕೆ ದೊರೆತನದ ಗುರುತಾದ ಹುಸಿಗಡ್ಡ ಕಟ್ಟಿದರು, ದೊರೆಯಾದರು. ಹೆಂಗಸಿಗೆ ಪಟ್ಟ ಹೇಗೆ ಎಂದು ಯಾರಾದರೂ ಪಿಸುಗುಟ್ಟಿದರೆ, ಆ ದಿನವನ್ನು ಕೆತ್ತಿದ ಈ ಗೋಡೆಯ ಚಿತ್ರವೇ ಉತ್ತರ.

“ಇನ್ನೈದು ದಿನಕ್ಕೆ ಕಣಿವೆ ಹಬ್ಬ. ದೊರೆ ಆ ಗೋಡೆ ಮುಂದೇನೇ ನಿಂತ್ಕೋತಾರೆ,” ಹಾಪು ಕಟ್ಟುಕೂದಲು ಸರಿಮಾಡಿಕೊಳ್ಳುತ್ತ ಹೇಳಿದ. “ಅಷ್ಟರೊಳಗೆ ಆಸಾಮಿ ಸಿಗ್ಲಿಲ್ಲ ಅಂದ್ರೆ ನನ್ನ ಕಿವಿ, ನಿಮ್ಮ ಮೂಗು, ಎರಡೂ ಒಂದೇ ಬುಟ್ಟೀಲಿ.”

ಪೇದೆ ಹೂಯಿ ಪ್ರಥಮ ವರ್ತಮಾನ ವರದಿ ಬರೆದುಕೊಂಡ. ಠಾಣೆಯಲ್ಲಿ ಅಕ್ಷರ ಬರುತ್ತಿದ್ದದ್ದು ಅವನೊಬ್ಬನಿಗೇ. ಬಾಯಿ ಇಬ್ಬರಿಗಾಗುವಷ್ಟಿತ್ತು.

“ರಾಣಿಯ ಚಿತ್ರಕ್ಕೆ ಹಾನಿ, ಅಂತ ಬರೀಲಾ?”

“ರಾಣಿ ಅಲ್ಲ ಕಣೋ, ದೊರೆ.”

“ಗಡ್ಡ ಮರೆತಿದ್ದೆ, ತಪ್ಪಾಯ್ತು.”

ನಾಲ್ಕನೇ ತಾಸಿಗೆ ಐವರು ಪಂಚರ ಸಮಕ್ಷಮ ಸ್ಥಳ ಮಹಜರು ನಡೆಯಿತು. ದೊರೆಯ ಮುಖಕ್ಕೆ, ಹೆಸರಿಗೆ ಗೀರೂ ಇರಲಿಲ್ಲ. ದೇವರಿಗೂ ಏನೂ ಆಗಿರಲಿಲ್ಲ. ದೋಣಿ ಹೊತ್ತವರ ಮುಂದಿನ ಸಾಲಿನಲ್ಲಿ ಬಲತುದಿಯವನ ಒಂದು ಕಾಲು ಮಾತ್ರ, ತೊಡೆಯಿಂದ ಕೆಳಕ್ಕೆ, ಕೊಚ್ಚಿಹಾಕಲಾಗಿತ್ತು. ಉಳಿ ಹತ್ತು ಸಲ ಜಾರಿ ಒಂದು ಸಲ ಕಚ್ಚಿತ್ತು. ಉದುರಿದ ಚೂರುಗಳನ್ನು ನಾರುಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಯಲ್ಲಿ ಇಡಲಾಗಿತ್ತು. ನೆಲವನ್ನು ಸವಳುಪ್ಪಿನ ನೀರಿನಿಂದ ತೊಳೆಯಲಾಗಿತ್ತು.

“ಕಳ್ಳ ನೆಲ ಒರೆಸಿ ಹೋಗವ್ನೆ!” ಹೂಯಿ ಹುಬ್ಬೇರಿಸಿದ. “ಹಿಡಿದ್ಮೇಲೆ ಬಿಡೋದು ಬೇಡ ಯಜಮಾನ್ರೆ, ಠಾಣೆ ಕಸ ಗುಡಿಸೋಕೆ ಇಟ್ಕೊಳೋಣ.”

ನೆಹ್ರಿ ಎಲ್ಲವನ್ನೂ ಸಾಲುಸಾಲಾಗಿ ಬರೆಸಿದ. ಬರೆಸಿದ್ದರ ಬಗ್ಗೆ ಯೋಚಿಸಲಿಲ್ಲ. ಅವನ ತಲೆಯಲ್ಲಿ ಆಗಲೇ ಒಂದು ಹೆಸರು ಕೂತಿತ್ತು.

ಕಲ್ಲುಕುಟಿಗ ಪಶೇದು. ಎರಡು ವರ್ಷದ ಹಿಂದೆ ಮಡಕೆ ಚೂರಿನ ಮೇಲೆ ದೊರೆಯ ಚಿತ್ರ ಬರೆದು, ಗಡ್ಡದ ಜೊತೆಗೆ ಮಗುವಿಗೆ ಮೊಲೆಯುಣಿಸುವಂತೆ ತೋರಿಸಿ ಊರನ್ನೆಲ್ಲ ನಗಿಸಿದ್ದ. ಆರನೇ ತಾಸಿಗೆ ಅವನನ್ನು ಠಾಣೆಗೆ ತಂದರು. ವಿಚಾರಣೆಗೆ ಮುಂಚೆ ಅಂಗಾಲಿಗೆ ಕೋಲಿನೇಟು ಕೊಡುವುದು ಪದ್ಧತಿ. ಏಟು ಬೀಳದ ಬಾಯಿಂದ ಬಂದ ಸಾಕ್ಷಿಯನ್ನು ಮೇಲಿನವರು ಒಪ್ಪುವುದಿಲ್ಲ.

“ಈ ಹೂಯಿ ಹಿಡಿದ್ರೆ ಮೊಸಳೆ ಹಿಡಿದಂಗೆ. ಮೊಸಳೆನಾದ್ರೂ ಆಕಳಿಸುತ್ತೆ, ನಾನು ಆಕಳಿಸಲ್ಲ!”

“ಮಾತು ಸಾಕು, ಎಣಿಸು,” ಎಂದ ನೆಹ್ರಿ.

ಮೂವತ್ತು ಏಟು. ಪಶೇದು ಒಪ್ಪಿಕೊಳ್ಳಲಿಲ್ಲ.

“ಗೋಡೆಗೆ ಉಳಿ ಹಾಕಿದ್ದು ಯಾರು?”

“ಗೊತ್ತಿಲ್ಲ. ಗಾಯ ಎಂಥದ್ದು ಅಂತ ಮಾತ್ರ ಹೇಳಿ ಯಜಮಾನ್ರೆ. ಕಲ್ಲಿನ ಗಾಯ.”

ನೆಹ್ರಿ ಮಹಜರು ಓದಿಸಿದ. ಉಳಿ ಹತ್ತು ಸಲ ಜಾರಿ ಒಂದು ಸಲ ಕಚ್ಚಿದ್ದು ಕೇಳಿ ಪಶೇದು ತಲೆ ಎತ್ತಿದ. ಕಣ್ಣಲ್ಲಿ ನೀರಿತ್ತು.

“ಮೂವತ್ತು ವರ್ಷದಿಂದ ಉಳಿ ಹಿಡಿದೀನಿ. ಹೊಡೆದ್ರಿ, ಹೋಗ್ಲಿ, ಕಾಲು ವಾಸಿಯಾಗುತ್ತೆ. ಅಂಥ ಗಲೀಜು ಕೆಲಸ ನಂದು ಅಂದ್ರಲ್ಲ, ಅದಕ್ಕೆ ಹೊಟ್ಟೆ ಉರೀತದೆ.”

ಹೂಯಿ ಕೋಲು ಕೆಳಗಿಟ್ಟ. ನೆಹ್ರಿ ಊದಿದ ಅಂಗಾಲುಗಳನ್ನು ನೋಡಿದ. ಪಳಗದ ಕೈಯ ಕೆಲಸ ಎಂದು ಬೆಳಿಗ್ಗೆ ತಾನೇ ಬರೆಸಿದ್ದ. ಊರಿನ ಒಳ್ಳೆಯ ಕುಟಿಗನನ್ನೇ ಎಳೆತಂದಿದ್ದ. ಮೂಗು ಉಳಿಸಿಕೊಳ್ಳುವ ಆತುರ. ತಾನೇ ತಂಬಿಗೆ ಹಿಡಿದು ಅವನ ಕಾಲಿಗೆ ತಣ್ಣೀರು ಸುರಿದ. ಕ್ಷಮಿಸು ಎನ್ನುವ ಪದ ಠಾಣೆಯಲ್ಲಿ ಯಾರೂ ಬಳಸಿದ್ದಿಲ್ಲ, ಅವನ ಬಾಯಿಗೂ ಬರಲಿಲ್ಲ.

“ಆ ಕಾಲು ಕೆತ್ತಿದ್ದು ನಾನೇ,” ಪಶೇದು ತಾನಾಗಿ ಹೇಳಿದ. “ಒಬ್ರು ಮುದುಕ ಅಯ್ನೋರು ಆಗಾಗ ಬಂದು ನೋಡೋರು. ಚೆನ್ನಾಗೈತಾ ಅಂತ ಒಂದಿನ ಕೇಳ್ದೆ. ‘ನನ್ನನ್ನ ಯಾಕಪ್ಪ ಇಷ್ಟು ನೆಟ್ಟಗೆ ನಿಲ್ಲಿಸ್ದೆ’ ಅಂದ್ರು. ಹೊಗಳಿಕೆ ಅಂದ್ಕೊಂಡೆ.”

ದೇಗುಲದಲ್ಲಿ ಮಡಿಗೆ ಬಳಸುವ ಸವಳುಪ್ಪಿನ ನೀರು, ಗಂಟು ಕಟ್ಟಿದ ಚೂರು. ದೇವರ ಎದುರು ಮೈಲಿಗೆ ಬಿಟ್ಟು ಬರಲು ಮನಸ್ಸಾಗದ ಕೈ ಅದು, ಅರ್ಚಕನ ಕೈ. ಇಪ್ಪತ್ತೊಂದನೇ ದಿನ ದೇಗುಲದ ಹಳೆಯ ಪಟ್ಟಿ ತರಿಸಿದರು. ಪಟ್ಟದ ವರ್ಷದ ಮೆರವಣಿಗೆ, ಮುಂದಿನ ಸಾಲು, ಬಲತುದಿ: ಸೆನ್ನು. ಈಗ ವಯಸ್ಸು ಅರವತ್ತರ ಮೇಲೆ. ವಾಸ, ಕಾಲುವೆ ಪಕ್ಕದ ಬೀದಿ.

ಮೂರನೇ ತಾಸಿಗೆ ಅವರು ಹೋದಾಗ ಸೆನ್ನು ಬಾಗಿಲಲ್ಲಿ ಕೂತು ತಲೆ ಬೋಳಿಸಿಕೊಳ್ಳುತ್ತಿದ್ದ.

“ಕಾಯ್ತಿದ್ದೆ. ಇನ್ನೊಂದು ಕಡೆ ಬಾಕಿ ಇದೆ, ಮುಗಿಸ್ಲಾ?”

“ಮುಗಿಸಿ ಅಯ್ನೋರೆ.”

ಹೂಯಿ ಜೊಂಡುಕಾಗದ ಬಿಚ್ಚಿದ. ವಯಸ್ಸಿಗೆ ಮರ್ಯಾದೆ ಎಂದೋ, ನಿನ್ನೆಯ ನಾಚಿಕೆಗೋ, ನೆಹ್ರಿ ಕೋಲನ್ನು ಠಾಣೆಯಲ್ಲೇ ಬಿಟ್ಟು ಬಂದಿದ್ದ.

“ಗೋಡೆ ಒಡೆದದ್ದು?”

“ನಾನು.”

“ಯಾವಾಗ?”

“ಮೊನ್ನೆ ಮಟಮಟ ಮಧ್ಯಾಹ್ನ. ಕೆಲಸದೋರು ನಿದ್ದೆ ಹೋಗಿದ್ರು.”

“ದೊರೆ ಮೇಲೆ ದ್ವೇಷನಾ?”

“ಛೆ. ಇಷ್ಟು ವರ್ಷದಲ್ಲಿ ಒಂದು ಯುದ್ಧ ಇಲ್ಲ, ಒಂದು ಬರ ಇಲ್ಲ. ಕೆಟ್ಟೋರಾಗಿದ್ರೆ ಯಾವತ್ತೋ ಹೇಳಿಬಿಡ್ತಿದ್ದೆ. ಒಳ್ಳೇರು. ಅದೇ ನನ್ನ ಕರ್ಮ.”

“ಏನು ಹೇಳ್ತಿದ್ರಿ?”

ಸೆನ್ನು ಕ್ಷೌರದ ಕತ್ತಿ ಒರೆಸಿ ಇಟ್ಟ.

“ಮೆರವಣಿಗೆ ಹಿಂದಿನ ದಿನ ಮದುವೆ ಮನೇಲಿ ಕಂಠಪೂರ್ತಿ ಕುಡಿದು ಮೆಟ್ಟಿಲಿಂದ ಬಿದ್ದೆ. ಮೊಣಕಾಲು ಕುಂಬಳಕಾಯಿ ಆಯ್ತು. ಹೇಳಿದ್ರೆ ದೋಣಿ ಹೊರೋಕೆ ಬಿಡ್ತಿರ್ಲಿಲ್ಲ. ಮುಂದಿನ ಸಾಲು ಸಿಕ್ಕಿದ್ದೇ ಅದು ಮೊದಲು. ಬಟ್ಟೆ ಸುತ್ತಿ ಮುಚ್ಚಿಟ್ಟೆ. ಬೀದಿ ತಿರುವಲ್ಲಿ ಕಾಲು ಕುಸೀತು. ದೋಣಿ ವಾಲ್ತು. ಎದುರಿಗೆ ಈಗಿನ ದೊರೆ ಹೂವು ಹಿಡ್ಕೊಂಡು ನಿಂತಿದ್ರು, ಪಾಪ, ಅಷ್ಟೇ. ಹಿರಿ ಅಯ್ನೋರು ‘ದೇವರು ಬಾಗಿದ’ ಅಂತ ಕೂಗಿದ್ರು. ಇಡೀ ಊರು ಅಡ್ಡಬಿತ್ತು. ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಹೊತ್ತಿಗೆ ಅವರ ತಲೆ ಮೇಲೆ ಕಿರೀಟ ಇತ್ತು.”

ಹೂಯಿಯ ಲೇಖನಿ ನಿಂತುಹೋಗಿತ್ತು.

“ಮತ್ತೆ ಈಗ ಯಾಕೆ?”

“ಹೋದ ತಿಂಗಳು ಒಬ್ಳು ಹೆಂಗಸು ಕುಂಟು ಮಗಳನ್ನ ಎತ್ಕೊಂಡು ಬಂದು, ಗೋಡೆ ಮೇಲಿನ ಆ ಮೊಣಕಾಲಿಗೆ ಎಣ್ಣೆ ಹಚ್ಚಿ, ಅದನ್ನೇ ಮಗಳ ಕಾಲಿಗೆ ತಿಕ್ಕಿದ್ಲು. ದೇವರು ಆರಿಸಿದ ಕಾಲಂತೆ! ಕುಡುಕನ ಕಾಲು ಕಣಪ್ಪ ಅದು.” ಮುದುಕ ಜೊಂಡುಕಾಗದದತ್ತ ಬೆರಳು ತೋರಿಸಿದ. “ಬರ್ಕೊಳಿ. ಹದಿನಾಲ್ಕು ವರ್ಷದಿಂದ ಬರ್ಕೊಳೋರಿಗೇ ಕಾದಿದ್ದೆ.”

ಹೂಯಿ ನೆಹ್ರಿಯ ಮುಖ ನೋಡಿದ. ಇದನ್ನು ಬರೆದರೆ ಸೆನ್ನು ರಾಜದ್ರೋಹಿ, ಶೂಲ ಖಂಡಿತ. ಬರೆದ ಹಾಳೆ ಅರಮನೆ ಮುಟ್ಟಿದರೆ, ದೊರೆಯ ಪಟ್ಟ ನಿಂತಿರುವುದು ಒಬ್ಬ ಕುಡುಕನ ಕಾಲಿನ ಮೇಲೆ.

“ನೀವೂ ಇದ್ರಾ ಅವತ್ತು?” ಸೆನ್ನು ಕೇಳಿದ.

“ಇದ್ದೆ. ಜನ ತಡೆಯೋ ಕೆಲಸ.”

“ಏನ್ ನೋಡಿದ್ರಿ?”

“ಮುಖ ನೆಲಕ್ಕಿಟ್ಟಿದ್ದೆ ಅಯ್ನೋರೆ. ಮಣ್ಣು ನೋಡ್ದೆ.”

ಮುಖ ನೆಲಕ್ಕಿಡುವ ಮುಂಚೆ ಒಂದು ಕ್ಷಣ ಇತ್ತು. ನಾಲ್ಕು ಮಾರು ದೂರದಲ್ಲಿ ಒಬ್ಬನ ಮೊಣಕಾಲು ಮಡಿಸಿಕೊಂಡಿದ್ದನ್ನು, ಅವನ ಮುಖ ನೋವಿಗೆ ಕಿವುಚಿದ್ದನ್ನು ಆಗಿನ ಬಡ ಪೇದೆ ನೆಹ್ರಿ ಸ್ಪಷ್ಟವಾಗಿ ಕಂಡಿದ್ದ. ಆಮೇಲೆ ಎಲ್ಲರಿಗಿಂತ ಜೋರಾಗಿ ಜಯಕಾರ ಕೂಗಿದ್ದ. ಆ ದನಿ ಮೇಲಿನವರ ಕಿವಿಗೆ ಬಿದ್ದು ಬಡ್ತಿ ಸಿಕ್ಕಿತ್ತು.

“ಹೂಯಿ, ಬರ್ಕೋ. ಆರೋಪಿ ಹಾಳುಮಾಡಿದ್ದು ತನ್ನದೇ ಚಿತ್ರದ ಕಾಲನ್ನ. ದೊರೆಗಾಗಲಿ ದೇವರಿಗಾಗಲಿ ಕೇಡು ಬಯಸಿಲ್ಲ. ಕಾರಣ, ನಾಚಿಕೆ.”

“ಯಾಕೆ ನಾಚಿಕೆ ಅಂತ?”

“ಅಷ್ಟೇ ಬರಿ.”

ಸೆನ್ನು ಅಕ್ಷರ ಕಲಿತವನಲ್ಲ. ಓದಿ ಹೇಳು ಎಂದ. ಹೂಯಿ ಓದಿದ. ಮುದುಕ ಇನ್ನೂ ಇದೆಯೇನೋ ಎಂದು ಕಾದ.

“ಅಷ್ಟೇನಾ?”

“ಅಷ್ಟೇ ಅಯ್ನೋರೆ,” ಎಂದ ನೆಹ್ರಿ. “ಇದಕ್ಕೆ ಶೂಲ ಇಲ್ಲ. ಮರಳುಗಾಡಿನ ಊರಿಗೆ ಗಡಿಪಾರು ಅಷ್ಟೇ. ಜೀವ ಉಳಿಯುತ್ತೆ.”

“ನಾನು ಕೇಳಿದ್ದು ಜೀವನಾ?”

ನೆಹ್ರಿ ಎದ್ದು ನಿಂತ. ಐದನೇ ತಾಸಿಗೆ ಬಂಧನ ದಾಖಲಾಯಿತು. ದಸ್ತಗಿರಿ ಪತ್ರಕ್ಕೆ ಸೆನ್ನು ಬೆರಳಚ್ಚು ಒತ್ತಿದ. ಕೆಳಗೆ ನೆಹ್ರಿ ಮುದ್ರೆ ಒತ್ತಬೇಕಿತ್ತು. ಮುದ್ರೆ ಒತ್ತುವಷ್ಟು ಹೊತ್ತೂ ಮುದುಕ ಅವನ ಮುಖವನ್ನೇ ನೋಡುತ್ತಿದ್ದ, ಎಲ್ಲೋ ಕಂಡ ಮುಖ ಎಂಬಂತೆ. ನೆಹ್ರಿ ತಲೆ ಎತ್ತಲಿಲ್ಲ.