ಮುಚ್ಚುವ ಮುಂಚೆ ಒಂದು ಫೋಟೋ

ಏಣಿಗೆ ಕೈಯಿಟ್ಟು ತಲೆಯೆತ್ತಿದ ಲಿಯೋನಿ ಅಲ್ಲೇ ನಿಂತುಬಿಟ್ಟಳು. ಯೂಲಾಲಿ ಅಜ್ಜಿಯ ಸೂರಿನ ಉತ್ತರದ ಪಕ್ಕಕ್ಕೆ ಆಗಲೇ ಶಿಂಗಲ್ ಬಿಲ್ಲೆ ಹೊದಿಸಿ ಆಗಿತ್ತು. ಮೀನಿನ ಹುರುಪೆಯಷ್ಟು ಅಚ್ಚುಕಟ್ಟು.

ಆ ಬಿಲ್ಲೆಗಳ ಅಡಿಯಲ್ಲಿ ಏನಿದೆ ಅಂತ ನೋಡುವುದೇ ಅವಳ ಕೆಲಸ. ಪ್ಲೈವುಡ್ ಹಲಗೆಗಳ ಸಂದುಸಂದಿಗೂ ಟೇಪು ಅಂಟಿಸಿರಬೇಕು, ಅದರ ಮೇಲೆ ನೀರು ತಡೆಯುವ ಒಳಹಾಸು ಬರಬೇಕು, ಮುಚ್ಚುವ ಮುಂಚೆ ಎರಡಕ್ಕೂ ಫೋಟೋ ಆಗಬೇಕು. ಫೋಟೋ ಇದ್ದರೆ ಅವಳ ಸಹಿಯ ಪ್ರಮಾಣಪತ್ರ, ಪ್ರಮಾಣಪತ್ರ ಇದ್ದರೆ ವಿಮೆ. ವಿಮೆ ಕಂಪನಿ ಅಜ್ಜಿಗೆ ಕೊಟ್ಟ ಗಡುವು ಶುಕ್ರವಾರ. ಇವತ್ತು ಬುಧವಾರ. ಲೂಸಿಯಾನಾದ ಈ ದಕ್ಷಿಣದ ತುದಿಯಲ್ಲಿ ವಿಮೆಯಿಲ್ಲದ ಮನೆ ಅಂದರೆ ಗಾಳಿಗೆ ಬರೆದುಕೊಟ್ಟ ಮನೆ.

ಸೂರಿನ ಅಂಚಿನಲ್ಲಿ ಡ್ಯುರೆಲ್ ಕೂತಿದ್ದ. ಎರಡು ವರ್ಷದಿಂದ ಅವರ ಭೇಟಿಯೆಲ್ಲ ಹೀಗೆ ಸೂರುಗಳ ಮೇಲೇ. ಅವನು ಹೊದಿಸುವವನು, ಅವಳು ತಪ್ಪು ಹುಡುಕುವವಳು. "ಏನು ಇನ್ಸ್‌ಪೆಕ್ಟರಮ್ಮಾ, ಇವತ್ತು ಎಷ್ಟು ಮೊಳೆ ಎಣಿಸ್ತೀಯ?" ಅನ್ನುತ್ತ ಫ್ಲಾಸ್ಕಿನ ಕಾಫಿ ಬಗ್ಗಿಸಿ ಕೊಡುತ್ತಿದ್ದ. ಹೋದ ಭಾನುವಾರ ಊರವರೆಲ್ಲ ಕೂತು ಸಿಗಡಿಯಂಥ ಕ್ರಾಫಿಶ್ ಸುಲಿಯುವಾಗ ಮೇಜಿನಡಿ ಅವಳ ಕೈ ಹಿಡಿದಿದ್ದ. ಏನೋ ಕೇಳಲು ಬಾಯಿ ತೆರೆದಿದ್ದ, ಅಷ್ಟರಲ್ಲಿ ಯಾರೋ ಕರೆದರು. ಆ ಕೇಳದ ಮಾತು ಮೂರು ದಿನದಿಂದ ಅವಳ ಅಂಗೈಯಲ್ಲಿ ಬೆಚ್ಚಗಿತ್ತು.

ಇವತ್ತು ಅವಳು ಏಣಿ ಹತ್ತಿ ಬಂದಾಗ ಅವನು ನಗಲಿಲ್ಲ. "ನಿನ್ನೆ ಸಂಜೆ ಗಾಳಿಮಳೆ ಕವಿದು ಬಂತು. ಹಲಗೆ ನೆನೆಯೋ ಮೊದಲು ಮುಚ್ಚಿದರೆ ಸಾಕು ಅಂತ ನಾನೂ ಆಳುಗಳೂ ಸೇರಿ ಹೊದಿಸಿಬಿಟ್ವಿ. ಫೋಟೋ ಮರೆತೆ. ನಿನಗೆ ಮೂರು ಸಲ ಫೋನ್ ಮಾಡಿದೆ."

ನಿನ್ನೆ ಸಂಜೆ ಅವಳು ಅಪ್ಪನ ಸಮಾಧಿಯ ಹತ್ತಿರ ಇದ್ದಳು. ಫೋನು ಕಾರಿನಲ್ಲಿತ್ತು.

ಕೆಳಗಿನಿಂದ ಯೂಲಾಲಿ ಅಜ್ಜಿಯ ದನಿ ಬಂತು. "ಸಹಿ ಹಾಕಿಬಿಡು ಮಗಳೇ. ಇವನು ಸುಳ್ಳು ಹೇಳಿದ್ದು ಕಂಡಿದ್ದೀಯಾ? ಒಳಹಾಸಿಗೆ ಬರೀ ಡಾಂಬರು ಕಾಗದ ಸಾಕು ಕಣಪ್ಪಾ ಅಂತ ನಾನೇ ಅಂದೆ. ಬಿಟ್ಟನಾ? 'ಕಾಯಿದೆ ಒಪ್ಪುತ್ತೆ ಅಜ್ಜಿ, ವಿಮೆಯೋರು ಒಪ್ಪಲ್ಲ, ಗಾಳಿಯಂತೂ ಒಪ್ಪೋದೇ ಇಲ್ಲ' ಅಂದ."

ಲಿಯೋನಿಯ ಅಪ್ಪನೂ ಹೀಗೇ ಒಬ್ಬ ಗೆಳೆಯನ ಮಾತು ನಂಬಿದ್ದ. ಒಳಗೆ ಎಲ್ಲ ಸರಿಯಾಗಿ ಹಾಕಿದ್ದೀನಿ ಕಣಯ್ಯಾ ಅಂದಿದ್ದ ಆ ಗೆಳೆಯ. ಬಿರುಗಾಳಿ ಬಿಲ್ಲೆಗಳನ್ನು ಕಿತ್ತಾಗ ಅಡಿಯಲ್ಲಿ ಇದ್ದದ್ದು ಹಳೇ ಹರಕು ಕಾಗದ. ನೀಲಿ ಟಾರ್ಪಾಲು ಹೊಡೆಯಲು ಒದ್ದೆ ಸೂರು ಹತ್ತಿದ ಅಪ್ಪ ಅಲ್ಲಿಂದ ಜಾರಿ ಬಿದ್ದ. ಮತ್ತೆ ಏಳಲಿಲ್ಲ.

ಆ ನೆನಪು ಸಿಟ್ಟಾಗಿ ಹೊರಬಂತು. "ಭಾನುವಾರ ಕೈ ಹಿಡಿದದ್ದು ಈ ಸಹಿಗಾ?"

ಡ್ಯುರೆಲ್ ಅವಳನ್ನೇ ನೋಡಿದ. ಬಿಸಿಲಿಗೆ ಸುಟ್ಟ ಆ ಮುಖದಲ್ಲಿ ಏನೋ ಆರಿಹೋಯಿತು. "ನಾಳೆ ಬೆಳಿಗ್ಗೆ ಏಳಕ್ಕೆ ಬಾ," ಅಂದ. ಅಷ್ಟೇ.

ಮಾರನೇ ದಿನ ಅವಳು ಆರಕ್ಕೇ ಬಂದಳು. ಮನೆ ಹಿಂದಿನ ಜೌಗುನೀರಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಅಂಗಳದಲ್ಲಿ ಕಿತ್ತ ಬಿಲ್ಲೆಗಳ ರಾಶಿ. ಡ್ಯುರೆಲ್ ಒಬ್ಬನೇ, ಮೊಳೆ ಕೀಳುವ ಸಲಾಕೆ ಹಿಡಿದು, ಕೊನೆಯ ಸಾಲು ಬಿಚ್ಚುತ್ತಿದ್ದ. ಬೆರಳ ಗೆಣ್ಣುಗಳು ಸುಲಿದಿದ್ದವು.

"ಆಳುಗಳೆಲ್ಲಿ?"

"ಮರೆತವನು ನಾನು. ಅವರ ಬೆನ್ನು ಯಾಕೆ ಮುರೀಲಿ?"

ಮೊಳೆಯ ತೂತು ಬಿದ್ದಿದ್ದ ಒಳಹಾಸನ್ನು ಅವನು ನಿಧಾನಕ್ಕೆ ಹಿಂದಕ್ಕೆ ಸುತ್ತಿದ. ಹಲಗೆಯ ಸಂದುಸಂದಿಗೂ ಟೇಪು. ಒಂದೂ ಗುಳ್ಳೆಯಿಲ್ಲ, ಒಂದೂ ಸುಕ್ಕಿಲ್ಲ. ಲಿಯೋನಿ ಮೇಲೆ ಹತ್ತಿ ಮಂಡಿಯೂರಿ ಒಂದೊಂದರ ಮೇಲೂ ಹೆಬ್ಬೆರಳು ಎಳೆದಳು, ಒಂದೊಂದಕ್ಕೂ ಫೋಟೋ ತೆಗೆದಳು. ಆಮೇಲೆ ಅವನು ಹೊಸ ಒಳಹಾಸು ಹಾಕಿದ. ಅದಕ್ಕೂ ತೆಗೆದಳು. ಕಣ್ಣು ಮಂಜಾಗಿ ಎರಡು ಸಲ ಕ್ಯಾಮೆರಾ ಇಳಿಸಬೇಕಾಯಿತು.

"ನಿನ್ನೆ ಯಾಕೆ ಬಾಯಿ ಬಿಡಲಿಲ್ಲ? ಎಲ್ಲಾ ಹಾಕಿದ್ದೀನಿ ಅಂತ ಒಂದು ಮಾತು ಹೇಳಬಹುದಿತ್ತಲ್ಲ."

"ನಿಮ್ಮಪ್ಪನಿಗೆ ಆ ಗೆಳೆಯ ಹೇಳಿದ್ದೂ ಅದೇ ಮಾತಲ್ವಾ? ನನ್ನ ಬಾಯಲ್ಲಿ ಅದನ್ನ ನೀನು ಕೇಳಬಾರದು ಅನ್ನಿಸ್ತು." ಸ್ವಲ್ಪ ತಡೆದು ಕೇಳಿದ, "ಹೇಳಿದ್ದರೆ ನಂಬ್ತಿದ್ಯಾ?"

"ನಂಬ್ತಿದ್ದೆ. ಸಹಿ ಮಾತ್ರ ಹಾಕ್ತಿರಲಿಲ್ಲ."

"ಗೊತ್ತು." ಅವನ ತುಟಿಯ ಒಂದು ತುದಿ ಎದ್ದಿತು. "ಅದಕ್ಕೇ ಅಲ್ವಾ ನಾನು ನಿನಗೆ ಮರುಳಾಗಿದ್ದು."

ಕೆಳಗೆ ಅಜ್ಜಿಯ ಅಡುಗೆಮನೆಯಿಂದ ಕಾಫಿ ಹುರಿದ ಘಮ ಬಂತು. ಲಿಯೋನಿ ಸೂರಿನ ಮೇಲೇ ಕೂತು ಪ್ರಮಾಣಪತ್ರದ ಕಾಗದ ತುಂಬಿದಳು. ತಾರೀಖು ಬರೆದಳು, ಸಹಿ ಹಾಕಿದಳು, ಗಾಳಿಗೆ ಹಾರದಂತೆ ಅಂಗಿಯ ಒಳಜೇಬಿಗೆ ಸೇರಿಸಿದಳು. ಆಮೇಲೆ ಅವನ ಸುಲಿದ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಡ್ಯುರೆಲ್, ಇನ್ನು ಮುಂದೆ ನಿನ್ನ ಸೂರುಗಳಿಗೆ ಬೇರೆ ಯಾರನ್ನಾದರೂ ಕರೆಸ್ಕೋ."

ಅವನು ಬೆಚ್ಚಿದ. "ನಿನ್ನೆಯ ಸಿಟ್ಟು ಇನ್ನೂ ಹೋಗಿಲ್ವಾ?"

"ಸಿಟ್ಟಲ್ಲ ಕಣೋ, ರೂಲ್ಸು. ಗಂಡನ ಕೆಲಸಕ್ಕೆ ಹೆಂಡತಿ ಸಹಿ ಹಾಕೋ ಹಾಗಿಲ್ಲ."

ಡ್ಯುರೆಲ್ ಇನ್ನೊಂದು ಕೈಯನ್ನೂ ಅವಳ ಕೈಮೇಲಿಟ್ಟ. ಭಾನುವಾರ ಬಾಯಲ್ಲೇ ಉಳಿದ ಪ್ರಶ್ನೆಯನ್ನು ಕೊನೆಗೂ ಪೂರ್ತಿ ಕೇಳಿದ, ಬಲು ಮೆಲ್ಲಗೆ. ಉತ್ತರ ಆಗಲೇ ಸಿಕ್ಕಿದ್ದರೂ ಕೇಳಿದ.