ಕೆರೆಗೆ ಬಿಡಬೇಡಿ

"ರೀ, ನಿಲ್ಲಿ! ಆ ಮೀನನ್ನ ಕೆರೆಗೆ ಬಿಡಬೇಡಿ!"

ಕೈಯಲ್ಲಿ ಮೈಕ್ ಇರೋದನ್ನೇ ಕೆರೆ ಟೀಚರ್ ಮರೆತಿದ್ದಳು. ವಾಕಿಂಗ್‌ಗೆ ಬಂದವರೆಲ್ಲ ತಿರುಗಿ ನೋಡಿದರು. ಮೆಟ್ಟಿಲ ಮೇಲೆ ಬಕೆಟ್ ಹಿಡಿದು ನಿಂತವನ ಮುಖ ಕೆಂಪಾಯಿತು.

ಹೊರಗಿಂದ ಬಂದ ಮೀನು, ಗಿಡಗಳು ಕೆರೆಯನ್ನು ಹೇಗೆ ನುಂಗಿಹಾಕುತ್ತವೆ ಅಂತ ಜನರಿಗೆ ತಿಳಿಹೇಳುವುದು ಅವಳ ಕೆಲಸ. 'ಕೆರೆ ಟೀಚರ್' ಅಂತ ಹೆಸರು ಬಿದ್ದದ್ದೂ ಅದರಿಂದಲೇ. ಬಕೆಟ್ ಹಿಡಿದವನು ಮಾರ್ಕೆಟ್ ರಸ್ತೆಯ ಅಕ್ವೇರಿಯಂ ಅಂಗಡಿಯವನು.

"ನಿಮ್ಮ ಈ ಟ್ಯಾಂಕ್ ಕ್ಲೀನರ್ ಮೀನು ನಮ್ಮ ಕೆರೆ ಮೀನುಗಳ ಮೊಟ್ಟೆ ತಿನ್ನುತ್ತೆ, ದಂಡೆ ಕೊರೆಯುತ್ತೆ. ಮಾರೋರಿಗೇ ಗೊತ್ತಿಲ್ವಾ?" ಎಂದು ಝಾಡಿಸಿದಳು.

ಅವನು ಬಕೆಟ್ ಎತ್ತಿಕೊಂಡು ಹೊರಟುಹೋದ.

ಆಮೇಲೆ ಒಬ್ಬರು ಅಜ್ಜ ಹತ್ತಿರ ಬಂದರು. "ಬಿಡೋಕೆ ಬಂದವನು ನಾನಮ್ಮ. ಅವನು ಓಡಿಬಂದು ನನ್ನ ಕೈಯಿಂದ ಬಕೆಟ್ ಇಸ್ಕೊಂಡ."

ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ.

ಸಂಜೆ ಅಂಗಡಿಗೆ ಹೋದಳು. ಅವನು ಗಾಜು ಒರೆಸುತ್ತಿದ್ದ.

"ಸಾರಿ."

"ಮೈಕ್ ತಂದಿಲ್ವಾ?" ಅವನು ತಿರುಗಲಿಲ್ಲ. ನೀಲಿ ಬೆಳಕಿನ ಗಾಜಿನಲ್ಲಿ, ಎರಡು ಮೀನುಗಳ ನಡುವೆ, ತುಟಿಯಂಚಿನ ನಗು ಮಾತ್ರ ಕಾಣಿಸಿತು. "ಬೆಳಿಗ್ಗೆಯಿಂದ ಒಬ್ಬ ಗಿರಾಕಿಯೂ ಬಂದಿಲ್ಲ ಕಣ್ರೀ."

ಮುಂದಿನ ಭಾನುವಾರ ಅವಳು ಅದೇ ಮೆಟ್ಟಿಲ ಮೇಲೆ ನಿಂತು, "ತಪ್ಪು ನನ್ನದು. ಅವತ್ತು ಕೆರೆ ಉಳಿಸಿದ್ದು ಆ ಅಕ್ವೇರಿಯಂ ಅಂಗಡಿಯವರು" ಅಂತ ಎಲ್ಲರೆದುರು ಹೇಳಿದಳು.

ಅವನೂ ಸುಮ್ಮನಿರಲಿಲ್ಲ. ಅಂಗಡಿ ಮುಂದೆ ದೊಡ್ಡ ತೊಟ್ಟಿ ಇಟ್ಟು, ಸಾಕೋಕಾಗದ ಮೀನು ಇಲ್ಲಿ ಕೊಡಿ ಅಂತ ಬೋರ್ಡ್ ಹಾಕಿದ. ಜನ ಬಂದರು. ಮೀನು ಕೊಟ್ಟು ಹೋಗುವಾಗ ಏನಾದರೂ ಕೊಂಡೂ ಹೋದರು. ಭಾನುವಾರಗಳಲ್ಲಿ ಅವಳು ಮಾತಾಡಿದರೆ, ಪಕ್ಕದಲ್ಲಿ ನಿಂತು ಗಾಜಿನ ಜಾಡಿಯಲ್ಲಿ ಮೀನು ತೋರಿಸುವವನು ಅವನೇ.

"ಭಾನುವಾರ ಬಂದ್ರೆ ಇಸ್ತ್ರಿ ಶರ್ಟೇ ಆಗ್ಬೇಕು ನನ್ನ ಮಗನಿಗೆ," ಅಂಗಡಿಯಲ್ಲಿ ಅವನ ಅಮ್ಮ ಅವಳ ಕಿವಿಯಲ್ಲಿ ಹೇಳಿದರು. "ಮೀನಿಗೋಸ್ಕರವಂತೆ!"

ಒಂದು ಮುಂಜಾನೆ ಇಬ್ಬರೂ ಮೊಣಕಾಲುದ್ದ ನೀರಲ್ಲಿ ನಿಂತು ಅಂತರಗಂಗೆ ಕಳೆ ಕೀಳುತ್ತಿದ್ದರು.

"ನಿಮ್ಮ ಭಾಷಣ ನಂಗೆ ಬಾಯಿಪಾಠ ಆಗಿದೆ. ಆದ್ರೂ ಯಾಕೆ ಬರ್ತೀನಿ, ಗೊತ್ತಾ?"

"ಗೊತ್ತು."

"ಗೊತ್ತಿದ್ದೂ ಸುಮ್ನಿದ್ರಾ?"

"ನಿಮ್ಮ ಬಾಯಿಂದ್ಲೇ ಬರ್ಲಿ ಅಂತ." ಅವಳು ಕಣ್ಣೆತ್ತಲಿಲ್ಲ, ಕಿವಿಯಂಚು ಮಾತ್ರ ಕೆಂಪಾಗಿತ್ತು.

ಅವನು ಹೇಳಿದ. ಮೂರೇ ಮಾತು, ಅದೂ ತೊದಲಿಕೊಂಡು. ಅವಳು ಕೆಸರಾದ ಅವನ ಕೈಯನ್ನು ಕೆಸರಾದ ತನ್ನ ಕೈಯಲ್ಲಿ ಹಿಡಿದಳು.

"ಅಮ್ಮನಿಗೆ ಯಾವಾಗ ಹೇಳ್ತೀರಿ?"

ಅವನು ತಲೆ ಕೆರೆದುಕೊಂಡ. "ಅವರೇ ಇವತ್ತು ನನ್ನ ಎಬ್ಬಿಸಿ ಕಳಿಸಿದ್ದು. ನಿಮಗೆ ಹೇಳದೆ ಮನೆಗೆ ಬರಬೇಡ ಅಂದಿದ್ದಾರೆ."